ಮಹಾಡದ ಮಾತು, ಮರುದಿನದ ಸೀರೆ

ಮಾರ್ಚ್ ಎಂಟನೆಯ ತಾರೀಖು ಬಂದಿತೆಂದರೆ ನಮ್ಮ ಊರುಗಳ ಪುರಭವನಗಳಲ್ಲಿಯೂ ಕಾಲೇಜುಗಳ ಸಭಾಂಗಣಗಳಲ್ಲಿಯೂ ಮಹಿಳಾ ದಿನಾಚರಣೆಯ ಸಮಾರಂಭಗಳು ಏರ್ಪಡುತ್ತವೆ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವಿಕೆ, ಅತಿಥಿಗಳ ಪರಿಚಯ ಇವೆಲ್ಲ ಯಥಾಕ್ರಮವಾಗಿ ಸಾಂಗವಾದ ತರುವಾಯ, ಹೆಣ್ಣು ಅಬಲೆಯಲ್ಲ, ಸಬಲೆ ಎಂದು ಮೊದಲಾಗುವ ಭಾಷಣವೊಂದು ನಡೆಯುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿಗಳ ವಿನಿಯೋಗವಾಗುತ್ತದೆ. ವಂದನಾರ್ಪಣೆ ಮುಗಿಯುವುದರೊಳಗಾಗಿ ಸಭಿಕರಲ್ಲಿ ಅರ್ಧ ಮಂದಿ ಮನೆಯಲ್ಲಿ ಅಡುಗೆಯಾಗಬೇಕೆಂದು ಎದ್ದು ಹೋಗಿರುತ್ತಾರೆ, ಹಾಗೆ ಎದ್ದು ಹೋದವರು ಬಹುತೇಕ ಹೆಂಗಸರೇ ಆಗಿರುತ್ತಾರೆ. ಇಂತಹ ಸಂಜೆಗಳನ್ನು ಕಂಡವರು, ಸ್ತ್ರೀಸಮಾನತೆಯನ್ನು ಕುರಿತ ಭಾಷಣದಿಂದ ಯಾರೊಬ್ಬರ ದೃಷ್ಟಿಯೂ ಬದಲಾಗದೆಂದು ತೀರ್ಮಾನಿಸಿದರೆ ಅವರನ್ನು ದೂರುವಂತಿಲ್ಲ. ಆದರೂ, ಒಂದು ರಾತ್ರಿ ಆಡಿದ ಮಾತು ಮರುದಿನ ಬೆಳಗಾಗುವುದರೊಳಗೆ ಕೇಳಿದವರ ಮೈಮೇಲೆಯೇ ಕಾಣಿಸಿಕೊಂಡ ಪ್ರಸಂಗವೊಂದು ನಮ್ಮ ನೆರೆಯ ಕೊಂಕಣದಲ್ಲಿ ನಡೆದುದುಂಟು.

ಸಾವಿತ್ರಿ ನದಿಯ ದಡದಲ್ಲಿರುವ ಮಹಾಡವು ಆಗ ಮುಂಬಯಿ ಪ್ರಾಂತದ ಕೊಲಾಬಾ ಜಿಲ್ಲೆಗೆ ಸೇರಿದ ಸಣ್ಣ ಪಟ್ಟಣ. ಅಲ್ಲಿನ ಚವದಾರ ಕೆರೆಯ ನೀರನ್ನು ಅಸ್ಪೃಶ್ಯರೆನಿಸಿಕೊಂಡವರೂ ಮುಟ್ಟಬಹುದೆಂದು ಪುರಸಭೆಯೇ ನಿರ್ಣಯ ಮಾಡಿದ್ದರೂ, ಆ ನಿರ್ಣಯವು ಕಾಗದದ ಮೇಲೆಯೇ ಉಳಿದಿದ್ದಾಗ, 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಸಾವಿರಾರು ಜನರೊಡನೆ ಹೋಗಿ ಆ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ಆಮೇಲೆ ನಡೆದ ಹೊಡೆದಾಟವೂ, 108 ಮಡಕೆ ಪಂಚಗವ್ಯದಿಂದ ಸವರ್ಣೀಯರು ಕೆರೆಯನ್ನು ‘ಶುದ್ಧಿ’ ಮಾಡಿದುದೂ ಎಲ್ಲರಿಗೂ ಗೊತ್ತಿರುವ ಕಥೆಯಾದುದರಿಂದ ಅದನ್ನಿಲ್ಲಿ ವಿಸ್ತರಿಸಲಾರೆ. ಅದೇ ವರ್ಷದ ಡಿಸೆಂಬರಿನಲ್ಲಿ ಮಹಾಡದಲ್ಲಿಯೇ ಅವರ ಎರಡನೆಯ ಪರಿಷತ್ತು ಸೇರಿತು. ಊರಿನ ಹಿಂದೂಗಳಾರೂ ಜಾಗ ಕೊಡದಿರಲು ಫತ್ತೇಖಾನ್ ಎಂಬ ಮುಸಲ್ಮಾನ ಗೃಹಸ್ಥರ ಭೂಮಿಯಲ್ಲಿ ಚಪ್ಪರವೆದ್ದಿತು. ಮತ್ತೊಮ್ಮೆ ಕೆರೆಯ ನೀರನ್ನು ಮುಟ್ಟಿ ಸೆರೆಮನೆಗೆ ಹೋಗಲು ಸಿದ್ಧರೆಂದು ನಾಲ್ಕು ಸಾವಿರದ ಸಮೀಪ ಜನ ಹೆಸರು ಬರೆಸಿದ್ದರು. ಡಿಸೆಂಬರ್ 25ರಂದು ಮನುಸ್ಮೃತಿಯ ದಹನವಾಯಿತು. ನ್ಯಾಯಾಲಯದ ತಡೆಯಾಜ್ಞೆಯಿದ್ದ ಕಾರಣ ಸತ್ಯಾಗ್ರಹವನ್ನು ಮುಂದೂಡಿದರು. 27ರಂದು ಕೆರೆಯ ಸುತ್ತ ಮೆರವಣಿಗೆಯೊಂದು ಸುತ್ತಿ ಬಂದಿತು.

ಇತಿಹಾಸಕಾರರು ಸಾಮಾನ್ಯವಾಗಿ ಇಲ್ಲಿಗೆ ಅಧ್ಯಾಯವನ್ನು ಮುಗಿಸಿಬಿಡುತ್ತಾರೆ. ಆದರೆ ಅಂದು ಕತ್ತಲಾದ ಬಳಿಕ ಚಮ್ಮಾರ ಕೇರಿಯಲ್ಲಿ ಇನ್ನೊಂದು ಸಭೆ ನಡೆಯಿತು. ಅದರಲ್ಲಿ ಅಂಬೇಡ್ಕರರು, ಪರಿಷತ್ತಿಗೆಂದು ಹಳ್ಳಿಹಳ್ಳಿಗಳಿಂದ ಬಂದಿದ್ದ ಹೆಂಗಸರನ್ನೇ ಮುಂದೆ ಕೂರಿಸಿಕೊಂಡು, ಅವರನ್ನೇ ಉದ್ದೇಶಿಸಿ ಮಾತನಾಡಿದರು.

ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿಯೂ ಲಂಡನ್ನಿನಲ್ಲಿಯೂ ಅರ್ಥಶಾಸ್ತ್ರವನ್ನು ಅಭ್ಯಾಸ ಮಾಡಿ ಬ್ಯಾರಿಸ್ಟರಾಗಿ ಬಂದ ವಿದ್ವಾಂಸರೊಬ್ಬರು ನಿರಕ್ಷರರಾದ ಕೂಲಿ ಹೆಂಗಸರ ಎದುರಿನಲ್ಲಿ ಸ್ತ್ರೀಯರ ಹಕ್ಕುಬಾಧ್ಯತೆಗಳನ್ನು ಕುರಿತು ಮಾತನಾಡುವರೆಂದರೆ, ಆ ಮಾತು ಎಲ್ಲಿಂದ ಆರಂಭವಾಗಬಹುದಿತ್ತೆಂದು ಊಹಿಸಿಕೊಳ್ಳಬಹುದು. ಅವರು ಹಕ್ಕಿನಿಂದ ಆರಂಭಿಸಲಿಲ್ಲ, ಹೊಟ್ಟೆಯಿಂದ ಆರಂಭಿಸಿದರು. ಈ ಕಾರ್ಯವು ಗಂಡಸರಿಗಿಂತ ಹೆಚ್ಚಾಗಿ ನಿಮ್ಮಿಂದಲೇ ಆಗಬೇಕಾದುದೆಂದು ಹೇಳಿ, ಮೇಲ್ಜಾತಿಯ ಹೆಂಗಸಿನ ಬಸಿರಿನಲ್ಲಿ ಹುಟ್ಟಿದ ಮಗುವಿಗೆ ಎಲ್ಲೆಡೆ ಮನ್ನಣೆ ದೊರೆಯುತ್ತಿರುವಾಗ ನೀವು ಹೆತ್ತ ಮಗುವಿಗೆ ಊರ ಕೆರೆಯ ನೀರು ಕೂಡ ದಕ್ಕದಿರುವುದೇಕೆ, ನಿಮ್ಮ ಒಡಲಲ್ಲಿ ಹುಟ್ಟುವುದೇ ಅಪರಾಧವೇ ಎಂಬ ಪ್ರಶ್ನೆಯನ್ನು ಅವರ ಮುಂದಿಟ್ಟರು. ಅದಕ್ಕೆ ಉತ್ತರವನ್ನು ತಾವೇ ಒದಗಿಸುವ ಆತುರವನ್ನೂ ತೋರಲಿಲ್ಲ. ಪ್ರಶ್ನೆಯನ್ನು ಅಲ್ಲಿಯೇ ಬಿಟ್ಟು ಸೀರೆಗೆ ಬಂದರು, ಕಡಗಕ್ಕೆ ಬಂದರು, ಅಡುಗೆಯ ಮಡಕೆಗೆ ಬಂದರು.

ಸೀರೆಯ ವಿಷಯವನ್ನು ಇಲ್ಲಿ ತುಸು ಬಿಡಿಸಿ ಹೇಳಬೇಕಾಗುತ್ತದೆ, ಏಕೆಂದರೆ ಇಂದಿನ ಓದುಗರಿಗೆ ಅದು ಕ್ಷುಲ್ಲಕವೆಂದು ತೋರಬಹುದು. ಆ ಕಾಲದ ಹಳ್ಳಿಯಲ್ಲಿ ಹೆಣ್ಣೊಬ್ಬಳ ಜಾತಿಯನ್ನು ತಿಳಿಯಲು ಅವಳ ಹೆಸರನ್ನು ಕೇಳಬೇಕಾಗಿರಲಿಲ್ಲ. ಅವಳ ಸೀರೆ ಮೊಣಕಾಲಿನಿಂದ ಎಷ್ಟು ಮೇಲಿದೆ, ನಿರಿಗೆಯ ಅಂಚು ಹೊರಗೆ ಕಾಣುತ್ತದೆಯೋ ಒಳಗೆ ಸಿಕ್ಕಿಸಲ್ಪಟ್ಟಿದೆಯೋ, ಕೈಯಲ್ಲಿರುವುದು ಯಾವ ಲೋಹ, ಇಷ್ಟನ್ನು ದೂರದಿಂದ ನೋಡಿದರೆ ಸಾಕಾಗುತ್ತಿತ್ತು. ಅಸ್ಪೃಶ್ಯರೆನಿಸಿದ ಮಹಾರ ಜಾತಿಯ ಹೆಂಗಸರು ಸೀರೆಯ ಅಂಚು ಕಾಣದಂತೆ ನಿರಿಗೆಯನ್ನು ಮಡಿಸಬೇಕಾಗಿತ್ತೆಂದೂ, ಅಂಚನ್ನು ತೋರಿಸುವುದು ಮೇಲ್ಜಾತಿಯ ಹೆಂಗಸರಿಗೆ ಮಾತ್ರ ಮೀಸಲಾಗಿತ್ತೆಂದೂ ಲೇಖಕಿ ಬೇಬಿ ಕಾಂಬಳೆ ತಮ್ಮ ಆತ್ಮವೃತ್ತಾಂತದಲ್ಲಿ ಬರೆದಿದ್ದಾರೆ. ಹಿತ್ತಾಳೆ, ತವರ ಮುಂತಾದ ಅಗ್ಗದ ಲೋಹದ ಭಾರವಾದ ಬಳೆಗಳೂ ಕೊರಳ ತುಂಬ ಸರಗಳೂ ಅಲಂಕಾರಗಳೆಂದು ಕಂಡರೂ ವಾಸ್ತವವಾಗಿ ಅವು ಗುರುತಿನ ಚೀಟಿಗಳೇ. ಅಂಬೇಡ್ಕರರು ಹೇಳಿದುದು ಇಷ್ಟೆ: ಸೀರೆಯನ್ನು ಮೇಲ್ಜಾತಿಯ ಹೆಂಗಸರು ಉಡುವಂತೆ ಕಾಲು ಮುಚ್ಚುವ ಹಾಗೆ ಉಡಿರಿ, ಬಟ್ಟೆ ಹರಿದಿದ್ದರೂ ಚಿಂತೆಯಿಲ್ಲ, ಶುಭ್ರವಾಗಿರಲಿ, ಮೊಣಕೈವರೆಗೆ ತೊಟ್ಟಿರುವ ಆ ಲೋಹದ ಹೊರೆಯನ್ನು ಇಳಿಸಿರಿ. ಅದರ ಬೆನ್ನಿಗೇ, ಸತ್ತ ದನದ ಮಾಂಸವನ್ನು ಮನೆಯೊಳಗೆ ಬರಗೊಡಬೇಡಿರಿ; ಗಂಡನಾಗಲಿ ಮಗನಾಗಲಿ ಕುಡಿದು ಬಂದರೆ ಅವನಿಗೆ ಉಣಬಡಿಸಬೇಡಿರಿ; ವಿದ್ಯೆ ಗಂಡಸರ ಸ್ವತ್ತಲ್ಲವಾದುದರಿಂದ ಗಂಡುಮಕ್ಕಳಂತೆಯೇ ಹೆಣ್ಣುಮಕ್ಕಳನ್ನೂ ಶಾಲೆಗೆ ಕಳುಹಿಸಿರಿ ಎಂದರು.

ಊರಿಗೆ ಹೊರಡುವ ಮುನ್ನವೇ ಆ ಹೆಂಗಸರು ಸೀರೆಯನ್ನು ಬೇರೆ ರೀತಿಯಲ್ಲಿ ಉಟ್ಟಿದ್ದರು. ಹಾಗೆ ಉಟ್ಟು ರೂಢಿಯಿಲ್ಲದವರಿಗೆ ಉಡಿಸಿ ತೋರಿಸಿದವರು ಮಹಾಡ ಪುರಸಭೆಯ ಅಧ್ಯಕ್ಷ ಸುರೇಂದ್ರನಾಥ ಟಿಪ್ನೀಸರ ಮತ್ತು ಅವರ ಮಿತ್ರ ಅನಂತರಾವ್ ಚಿತ್ರೆಯವರ ಮನೆಯ ಹೆಂಗಸರು. ಇಬ್ಬರೂ ಕಾಯಸ್ಥ ಪ್ರಭು ಜಾತಿಗೆ ಸೇರಿದವರಾಗಿದ್ದು, ತಮ್ಮವರ ಕೋಪವನ್ನು ಲಕ್ಷಿಸದೆ ಚಳವಳಿಯ ಪಕ್ಷದಲ್ಲಿ ನಿಂತವರು. ಸವರ್ಣೀಯ ಗೃಹಿಣಿಯೊಬ್ಬಳು ಮಹಾರ ಹೆಂಗಸಿನ ಸೊಂಟಕ್ಕೆ ಕೈಯಿಟ್ಟು ನಿರಿಗೆಯನ್ನು ಸರಿಪಡಿಸಿದಳೆಂಬುದು, ಮುಟ್ಟಿದರೆ ಮೈಲಿಗೆಯೆಂಬ ನಾಡಿನಲ್ಲಿ, ಎಷ್ಟು ದೊಡ್ಡ ಸಂಗತಿಯೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ಮೀನಾಕ್ಷಿ ಮೂನ್ ಮತ್ತು ಊರ್ಮಿಳಾ ಪವಾರರು ಸೇರಿ 1989ರಲ್ಲಿ ಮರಾಠಿಯಲ್ಲಿ ಪ್ರಕಟಿಸಿದ ಗ್ರಂಥವು ಅಂಬೇಡ್ಕರ್ ಚಳವಳಿಯ ಸ್ತ್ರೀಯರ ಚರಿತ್ರೆಯನ್ನು ಒಂದುಗೂಡಿಸದೆ ಹೋಗಿದ್ದರೆ ಇಂತಹ ಎಷ್ಟೋ ವಿವರಗಳು ಅಜ್ಜಿಯರ ಜೊತೆಯಲ್ಲಿಯೇ ಮಣ್ಣುಗೂಡುತ್ತಿದ್ದವು.

ಇದಕ್ಕೆ ಒಂದು ಆಕ್ಷೇಪಣೆಯನ್ನು ಎತ್ತುವವರಿದ್ದಾರೆ. ಮೇಲ್ಜಾತಿಯವರಂತೆ ಉಡಿರೆಂದು ಬೋಧಿಸುವುದು ಅನುಕರಣೆಯ ಉಪದೇಶವಲ್ಲವೇ, ಅದರಲ್ಲಿ ಸ್ವಾಭಿಮಾನವೆಲ್ಲಿ ಬಂದಿತೆಂದು ಅವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ, ಮರ್ಯಾದಸ್ಥೆಯ ಉಡುಪು ಇಂತಹುದೇ ಎಂಬ ಸವರ್ಣೀಯರ ಅಳತೆಗೋಲನ್ನು ಒಪ್ಪಿಕೊಂಡಂತಾಗುವುದೆಂಬ ಶಂಕೆಗೆ ಆಧಾರವಿಲ್ಲದಿಲ್ಲ. ಆದರೆ ಯಾವುದನ್ನು ಉಟ್ಟರೆ ಊರ ಗೌಡನ ಚಾವಡಿಯ ಮುಂದೆ ಏಟು ತಿನ್ನಬೇಕಾಗುವುದೋ ಅದನ್ನು ಉಡುವುದಕ್ಕೆ ಅನುಕರಣೆಯೆಂದು ಹೆಸರಿಡುವುದು ಪುಸ್ತಕದ ವಿಮರ್ಶೆಯಾದೀತೇ ಹೊರತು ಬದುಕಿನ ವಿಮರ್ಶೆಯಾಗದು. ಆ ಬೆಳಿಗ್ಗೆ ಮಹಾಡದಿಂದ ಹಿಂದಿರುಗಿದ ಒಬ್ಬೊಬ್ಬ ಹೆಂಗಸೂ, ತನ್ನ ಹಳ್ಳಿಯ ಸೀಮೆಯನ್ನು ಹೊಕ್ಕ ಕ್ಷಣದಿಂದ, ಮೈಮೇಲಿನ ಬಟ್ಟೆಯಿಂದಲೇ ಒಂದು ಕಾನೂನುಭಂಗವನ್ನು ನಡೆಸುತ್ತಿದ್ದಳು. ಕೆರೆಯ ಸತ್ಯಾಗ್ರಹವನ್ನು ತಡೆಯಾಜ್ಞೆಯಿಂದ ನಿಲ್ಲಿಸಬಹುದಾಗಿತ್ತು. ಇದಕ್ಕೆ ತಡೆಯಾಜ್ಞೆಯನ್ನು ತರಲು ಯಾವ ನ್ಯಾಯಾಲಯಕ್ಕೆ ಹೋಗುವುದು? ಕೆರೆಯ ವ್ಯಾಜ್ಯವು ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ಮುಗಿಯುವುದಕ್ಕೆ 1937ರವರೆಗೆ ಕಾಯಬೇಕಾಯಿತು. ಸೀರೆಯ ವ್ಯಾಜ್ಯ ಒಂದೇ ರಾತ್ರಿಯಲ್ಲಿ ಇತ್ಯರ್ಥವಾಯಿತು.

ಆ ಭಾಷಣದಲ್ಲಿ ಎಲ್ಲಕ್ಕಿಂತ ಮಿಗಿಲಾಗಿ ನನಗೆ ಕಾಣುವುದು, ಕೇಳುಗರಿಗೆ ಅಂದಿನ ರಾತ್ರಿಯೇ ತಮ್ಮ ಕೈಯಿಂದ ಮಾಡಬಹುದಾದ ಕೆಲಸವೊಂದನ್ನು ಅದು ಒಪ್ಪಿಸಿತೆಂಬುದು. ದೃಷ್ಟಿ ಮೊದಲು ಬದಲಾಗಿ ಅನಂತರ ನಡತೆ ಬದಲಾಗುವುದೆಂದು ನಾವು ಬಗೆದಿರುತ್ತೇವೆ. ಇಲ್ಲಿ ಮೊದಲು ಬದಲಾದುದು ನಿರಿಗೆ. ಆ ನಿರಿಗೆಯನ್ನು ಕಾಪಾಡಿಕೊಳ್ಳಲು ಊರಿನೊಡನೆ ಜಗಳವಾಡಬೇಕಾಗಿ ಬಂದಾಗ, ಆ ಜಗಳದಲ್ಲಿ, ದೃಷ್ಟಿ ಬದಲಾಯಿತು. ಹಾಗೆಂದು ಭಾಷಣವೊಂದೇ ಶೂನ್ಯದಿಂದ ಇದನ್ನೆಲ್ಲ ಸೃಷ್ಟಿಸಿತೆಂದೂ ಹೇಳಲಾಗದು. ಗಂಟುಮೂಟೆ ಕಟ್ಟಿಕೊಂಡು ಸತ್ಯಾಗ್ರಹಕ್ಕೆಂದು ಮಹಾಡದವರೆಗೆ ಬಂದವರು ಆಗಲೇ ಅರ್ಧ ದಾರಿಯನ್ನು ಮನಸ್ಸಿನಲ್ಲಿಯೂ ನಡೆದು ಬಂದಿದ್ದರು.

ಬೇಬಿ ಕಾಂಬಳೆಯವರ ಹೆಸರು ಆಗಲೇ ಬಂದಿತಾದುದರಿಂದ ಅವರ ಕಡೆಗೆ ತಿರುಗೋಣ. 1929ರಲ್ಲಿ ಹುಟ್ಟಿ ಫಲಟಣದಲ್ಲಿ ಬಾಳಿದ ಈ ಹೆಣ್ಣುಮಗಳು ಮರಾಠಿಯಲ್ಲಿ ಬರೆದ ‘ಜಿಣ ಆಮುಚ’ ಎಂಬ ಗ್ರಂಥದಲ್ಲಿ, ಮಹಾರ ಕೇರಿಯ ದೈನಂದಿನ ಬದುಕು ಯಾವ ಮುಚ್ಚುಮರೆಯೂ ಇಲ್ಲದೆ ಚಿತ್ರಿತವಾಗಿದೆ. ಎಂಟೊಂಬತ್ತು ವರುಷಕ್ಕೆ ಮದುವೆಯಾಗಿ ಬಂದ ಸೊಸೆ, ಕೋಳಿ ಕೂಗುವ ಮೊದಲೇ ಎದ್ದು ಬೀಸುವ ಕಲ್ಲಿನ ಮುಂದೆ ಕೂರುತ್ತಾಳೆ. ಎಳೆಯ ಕೈಗೆ ರೊಟ್ಟಿ ಸರಿಯಾಗಿ ತಟ್ಟಲು ಬಾರದಿದ್ದರೆ ಅತ್ತೆಯ ಬೈಗುಳ, ಗಂಡನ ಹೊಡೆತ. ತಾಳಲಾರದೆ ತವರಿಗೆ ಓಡಿಹೋಗಿ ಸಿಕ್ಕಿಬಿದ್ದವಳ ಕಾಲಿಗೆ ಮರದ ಕೊರಡಿನ ಕೋಳ. ಬ್ರಾಹ್ಮಣರ ಬೀದಿಗೆ ಸೌದೆ ಮಾರಲು ಹೋದ ಹೆಂಗಸು ಹೊರೆಯನ್ನು ಇಳಿಸುವ ಮುನ್ನ, ಕಟ್ಟಿಗೆಯ ಸೀಳುಗಳಲ್ಲಿ ತನ್ನ ಸೀರೆಯ ನೂಲಾಗಲಿ ತಲೆಗೂದಲಾಗಲಿ ಸಿಕ್ಕಿಕೊಂಡಿಲ್ಲವಷ್ಟೆಯೆಂದು ಒಂದೊಂದನ್ನೂ ನೋಡಿ ಕೊಡಬೇಕು. ಊರಿನಿಂದ ತಾನು ಉಂಡ ಅವಮಾನವನ್ನು ಗಂಡಸು ಮನೆಯಲ್ಲಿ ಹೆಂಡತಿಗೆ ಉಣಿಸುತ್ತಿದ್ದನು. ಅತ್ತೆಯು ತಾನು ಉಂಡುದನ್ನು ಸೊಸೆಗೆ ಬಡಿಸುತ್ತಿದ್ದಳು. ಬೇಬಿ ಕಾಂಬಳೆ ಇದರಲ್ಲಿ ಯಾರನ್ನೂ ಬಿಡುವುದಿಲ್ಲ.

ಇಂತಹ ಕೇರಿಯ ಜನ ಜೇಜುರಿಯಲ್ಲಿ ಅಂಬೇಡ್ಕರರ ಭಾಷಣವೊಂದನ್ನು ಕೇಳಿದರು. ಜೇಜುರಿಯೆಂದರೆ ಖಂಡೋಬನ ಕ್ಷೇತ್ರ. ನಮ್ಮ ನಾಡಿನ ಭಕ್ತರಿಗೆ ಮೈಲಾರಲಿಂಗನೆಂದು ಪರಿಚಿತನಾದ, ಭಂಡಾರದ ಪ್ರಿಯನಾದ ಅದೇ ದೇವರು. ಹೊತ್ತ ಹರಕೆಗೆ ಗಂಡುಮಗುವನ್ನು ವಾಘ್ಯಾ ಎಂದೂ ಹೆಣ್ಣುಮಗುವನ್ನು ಮುರಳಿಯೆಂದೂ ಆ ದೇವರಿಗೆ ಬಿಡುವ ಪದ್ಧತಿಯಿದ್ದ ಸ್ಥಳದಲ್ಲಿಯೇ ನಿಂತು, ಈ ಹರಕೆಗಳನ್ನು ಬಿಡಿರಿ, ಸತ್ತ ದನವನ್ನು ತಿನ್ನುವುದನ್ನು ಬಿಡಿರಿ, ಮಕ್ಕಳನ್ನು ಶಾಲೆಗೆ ಹಾಕಿರಿ ಎಂದು ಅವರು ಹೇಳಿದರಂತೆ. ಆ ಮಾತನ್ನು ಹೊತ್ತು ಜನ ಊರಿಗೆ ಬಂದ ಮೇಲೆ ಚಾವಡಿಯಲ್ಲಿ ನಡೆದ ವಾಗ್ವಾದವನ್ನು ಬೇಬಿ ಕಾಂಬಳೆ ವರ್ಣಿಸುತ್ತಾರೆ: ದೇವರು ಮುನಿದಾನೆಂದು ಹಿರಿಯರ ಭಯ, ಹಿಂದಿನಿಂದ ಬಂದುದನ್ನು ಬಿಡುವುದು ಹೇಗೆಂಬ ಅಳುಕು, ತರುಣರ ಆವೇಶ, ಅವೆಲ್ಲದರ ನಡುವೆ, ಗಂಡಸರ ಮುಂದೆ ಬಾಯಿ ತೆರೆದು ಅಭ್ಯಾಸವಿಲ್ಲದ ಹೆಂಗಸರು ಶಾಲೆಯ ಪಕ್ಷಕ್ಕೆ ನಿಂತುದು. ಭಾಷಣವು ಸಭಾಸ್ಥಾನದಲ್ಲಿ ಮುಗಿಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವನ್ನು ನಾನು ಓದಿಲ್ಲ.

ನಾಗಪುರದಲ್ಲಿಯೂ ಇಂತಹುದೇ ನಡೆಯಿತು. ಎಂಪ್ರೆಸ್ ಮಿಲ್ಲಿನಲ್ಲಿ ದುಡಿಯುತ್ತಿದ್ದ ತಾಯಿಯೊಬ್ಬಳು ಕಸ್ತೂರಚಂದ್ ಪಾರ್ಕಿನ ಸಭೆಯಲ್ಲಿ ಅಂಬೇಡ್ಕರರ ಮಾತನ್ನು ಕೇಳಿ ಬಂದು, ಏನೇ ಆಗಲಿ ತನ್ನ ಹೆಣ್ಣುಮಕ್ಕಳನ್ನು ಓದಿಸಿಯೇ ತೀರುವೆನೆಂದು ಪಣ ತೊಟ್ಟಳೆಂಬುದನ್ನು ಆಕೆಯ ಮಗಳು ಕೌಸಲ್ಯಾ ಬೈಸಂತ್ರಿ, 1999ರಲ್ಲಿ ಹಿಂದಿಯಲ್ಲಿ ಪ್ರಕಟವಾದ ‘ದೋಹರಾ ಅಭಿಶಾಪ್’ ಎಂಬ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಆ ತಾಯಿಗೆ ಶಾಲೆಯೆಂಬುದು ಹತ್ತಿರದಲ್ಲಿ ಇದ್ದುದೂ ಒಂದು ಭಾಗ್ಯವೇ. ಮೊದಲು ನಾಗಪುರಕ್ಕೂ ಕಾಮಠಿಗೂ ನಡುವೆ ತಲೆಯ ಮೇಲೆ ಹೊರೆ ಹೊತ್ತು ಕೂಲಿ ಮಾಡುತ್ತಿದ್ದ ಜಾಯಿಬಾಯಿ ಚೌಧರಿ, ಕ್ರೈಸ್ತ ಸಂನ್ಯಾಸಿನಿಯೊಬ್ಬರ ನೆರವಿನಿಂದ ಅಕ್ಷರ ಕಲಿತು, ದಲಿತ ಹುಡುಗಿಯರಿಗಾಗಿ ತೆರೆದ ಶಾಲೆಯದು.

ಮುಂದೆ 1942ರ ಜುಲೈ 20ರಂದು ಅದೇ ನಾಗಪುರದ ಮೋಹನ್ ಪಾರ್ಕಿನಲ್ಲಿ ಅಖಿಲ ಭಾರತ ದಲಿತ ವರ್ಗಗಳ ಮಹಿಳಾ ಪರಿಷತ್ತು ಸೇರಿದಾಗ ಅಲ್ಲಿ ನೆರೆದ ಹೆಂಗಸರು 20,000ಕ್ಕೂ ಹೆಚ್ಚು ಮಂದಿ. ಅಮರಾವತಿಯ ಸುಲೋಚನಾಬಾಯಿ ಡೋಂಗರೆ ಅಧ್ಯಕ್ಷತೆ ವಹಿಸಿದ್ದರು. ಅಂಬೇಡ್ಕರರೂ ಮಾತನಾಡಿದರು, ಸಮಾಜವೊಂದರ ಪ್ರಗತಿಯನ್ನು ತಾವು ಅಲ್ಲಿನ ಸ್ತ್ರೀಯರ ಪ್ರಗತಿಯಿಂದ ಅಳೆಯುವುದಾಗಿ ಹೇಳಿದ್ದು, ಮದುವೆಯಾದ ಹೆಣ್ಣು ಗಂಡನಿಗೆ ಗೆಳತಿಯಾಗಿ ನಿಲ್ಲಬೇಕು, ದಾಸಿಯಾಗಿ ಅಲ್ಲ ಎಂದದ್ದು ಆ ಸಭೆಯಲ್ಲಿಯೇ. ಆದರೆ ಅಂದಿನ ಸ್ವಾರಸ್ಯವಿದ್ದುದು ಹೆಂಗಸರೇ ಮುಂದಿಟ್ಟು ಅಂಗೀಕರಿಸಿದ ನಿರ್ಣಯಗಳಲ್ಲಿ: ಹೆಂಡತಿಗೆ ವಿಚ್ಛೇದನದ ಹಕ್ಕು ಬೇಕು; ಒಬ್ಬಳಿರುವಾಗ ಇನ್ನೊಬ್ಬಳನ್ನು ಮದುವೆಯಾಗುವುದನ್ನು ಕಾನೂನಿನಿಂದ ನಿಲ್ಲಿಸಬೇಕು; ಗಿರಣಿ, ಬೀಡಿ ಕಾರ್ಖಾನೆ, ಪುರಸಭೆ, ರೈಲ್ವೆಗಳಲ್ಲಿ ದುಡಿಯುವ ಹೆಂಗಸರಿಗೆ ವರ್ಷಕ್ಕೆ 21 ದಿನ ರಜೆ, ಗಾಯವಾದರೆ ಪರಿಹಾರ, 20 ವರ್ಷ ದುಡಿದವಳಿಗೆ ತಿಂಗಳಿಗೆ 15 ರೂಪಾಯಿ ಪಿಂಚಣಿ ಬೇಕು. ಮಹಾಡದ ರಾತ್ರಿಗೂ ಈ ಹಗಲಿಗೂ ನಡುವೆ ಹದಿನೈದು ವರುಷವೂ ತುಂಬಿರಲಿಲ್ಲ. ಅಲ್ಲಿ ಸೀರೆಯ ಅಂಚಿನ ಮಾತನ್ನು ಕುಳಿತು ಕೇಳಿದ್ದ ವರ್ಗವು ಇಲ್ಲಿ ಪಿಂಚಣಿಯ ಲೆಕ್ಕವನ್ನು ನಿಂತು ಹೇಳುತ್ತಿತ್ತು.

ಇನ್ನು ಇದಕ್ಕೆ ಪ್ರತಿಯಾದ ಚಿತ್ರವನ್ನೂ ನೋಡಬೇಕು. ವಿಚ್ಛೇದನ, ಏಕಪತ್ನೀತ್ವ, ಹೆಣ್ಣುಮಕ್ಕಳ ಆಸ್ತಿಯ ಹಕ್ಕು ಇವನ್ನೇ ಒಳಗೊಂಡ ಹಿಂದೂ ಸಂಹಿತೆಯ ಮಸೂದೆಯನ್ನು ಅಂಬೇಡ್ಕರರು ಕಾನೂನು ಸಚಿವರಾಗಿ ದೆಹಲಿಯ ಶಾಸನಸಭೆಯ ಮುಂದಿಟ್ಟರು. ಅದರ ಮೊದಲ ಕರಡನ್ನು ಸಿದ್ಧಪಡಿಸಿದ ಸಮಿತಿಯ ಅಧ್ಯಕ್ಷರು ಮಂಗಳೂರಿನವರಾದ ಬೆನಗಲ್ ನರಸಿಂಗರಾಯರು. ಅದಕ್ಕೂ ಮೊದಲೇ ಮೈಸೂರು ಸಂಸ್ಥಾನವು 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನನ್ನು ಜಾರಿಗೆ ತಂದು, ವಿಧವೆಗೂ ತಾಯಿಗೂ ಅವಿವಾಹಿತ ಮಗಳಿಗೂ ಪಾಲಿನಲ್ಲಿ ಭಾಗವುಂಟೆಂದು ಒಪ್ಪಿಕೊಂಡಿತ್ತೆಂಬುದನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯಬಹುದು. ದೆಹಲಿಯಲ್ಲಿ ಅಂಬೇಡ್ಕರರು ಸ್ಮೃತಿಗಳನ್ನೂ ಕೌಟಿಲ್ಯನನ್ನೂ ಪ್ರಿವಿ ಕೌನ್ಸಿಲಿನ ತೀರ್ಪುಗಳನ್ನೂ ಉದ್ಧರಿಸಿ, ಗಂಟೆಗಟ್ಟಲೆ, ವರ್ಷಗಟ್ಟಲೆ ವಾದಿಸಿದರು. ಕೇಳುತ್ತಿದ್ದವರು ವಕೀಲರು, ಪಂಡಿತರು, ದೇಶಕ್ಕಾಗಿ ಸೆರೆಮನೆಯನ್ನು ಕಂಡವರು. ಕೊನೆಗೆ ಅಂಗೀಕಾರವಾದುದು ನಾಲ್ಕು ಕಲಮುಗಳು ಮಾತ್ರ. 1951ರ ಸೆಪ್ಟೆಂಬರಿನಲ್ಲಿ ಅವರು ರಾಜೀನಾಮೆಯನ್ನಿತ್ತು ಹೊರಬಂದರು. ಆ ಮಸೂದೆಯ ಸಾರವು 1955 ಮತ್ತು 1956ರಲ್ಲಿ ನಾಲ್ಕು ಬೇರೆಬೇರೆ ಕಾನೂನುಗಳಾಗಿ, ಮೊದಲಿಗಿಂತ ತೆಳುವಾಗಿ ಬಂದಿತು. ಒಬ್ಬರೇ ಭಾಷಣಕಾರರು, ಒಂದೇ ವಿಷಯ. ಚಮ್ಮಾರ ಕೇರಿಯಲ್ಲಿ ಒಂದು ರಾತ್ರಿಗೆ ಆದುದು ಸಂಸತ್ತಿನಲ್ಲಿ ನಾಲ್ಕು ವರುಷಕ್ಕೂ ಆಗಲಿಲ್ಲ. ಕೇಳುವವನು ಮಾತನ್ನು ಒಪ್ಪಿಕೊಂಡರೆ ಏನನ್ನು ಬಿಟ್ಟುಕೊಡಬೇಕಾಗುತ್ತದೆಯೆಂಬುದರ ಮೇಲೆ ಆ ಮಾತಿನ ಸತ್ತ್ವವು ನಿಲ್ಲುವುದಾದರೆ, ಮಹಾಡದ ಹೆಂಗಸರು ಬಿಡಬೇಕಾಗಿದ್ದುದು ತವರದ ಬಳೆಯನ್ನು. ಸಭೆಯ ಸದಸ್ಯರು ಬಿಡಬೇಕಾಗಿದ್ದುದು ಆಸ್ತಿಯನ್ನು.

ಗಂಡಸರು ಕೇಳಲೇ ಇಲ್ಲವೆಂದು ಇದರಿಂದ ಭಾವಿಸಬಾರದು. ಅಂಬೇಡ್ಕರರ ಸಭೆಗಳಿಗೆ ಸಾವಿರಗಟ್ಟಲೆ ಗಂಡಸರೂ ಬಂದರು. ಅವರೂ ಸತ್ತ ದನವನ್ನು ಹೊರುವುದನ್ನು ನಿಲ್ಲಿಸಿದರು, ಊರ ಬಹಿಷ್ಕಾರವನ್ನು ಎದುರಿಸಿದರು, ಕೆಲಸವನ್ನೂ ಹೊಲವನ್ನೂ ಕಳೆದುಕೊಂಡರು. ಹೆಣ್ಣುಮಗಳನ್ನು ಶಾಲೆಗೆ ಕಳುಹಿಸಿದ ತಂದೆಯರೂ ಅವರಲ್ಲಿ ಅನೇಕರು. ಊರಿನ ಮುಂದೆ ತಲೆಯೆತ್ತಿ ನಿಲ್ಲಬೇಕೆಂಬ ಮಾತು ಅವರಿಗೆ ನಾಟಿದಷ್ಟು ಆಳವಾಗಿ, ಹೆಂಡತಿಯ ಮುಂದೆ ಕೈಯನ್ನು ಇಳಿಸಬೇಕೆಂಬ ಮಾತು ನಾಟಲಿಲ್ಲವೆಂಬುದೇ ವ್ಯಥೆ. ಕೌಸಲ್ಯಾ ಬೈಸಂತ್ರಿ ಓದಿ, ಚಳವಳಿಯಲ್ಲಿ ಓಡಾಡಿ, ಸುಶಿಕ್ಷಿತನೂ ಸ್ವಾತಂತ್ರ್ಯ ಹೋರಾಟಗಾರನೂ ಆದವನನ್ನೇ ಮದುವೆಯಾದರು. ಆ ಮನೆಯಲ್ಲಿ ತಮಗೆ ದೊರೆತುದು ಆಳಿನ ಸ್ಥಾನವೆಂದು ಬರೆದು, ಕಡೆಗೆ ಅವನನ್ನು ಬಿಟ್ಟು ಬಂದು ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದರು. ಆತ್ಮಕಥೆಗೆ ‘ದೋಹರಾ ಅಭಿಶಾಪ್’, ಅಂದರೆ ‘ಇಮ್ಮಡಿ ಶಾಪ’ವೆಂಬ ಹೆಸರಿಟ್ಟುದು ಸುಮ್ಮನಲ್ಲ.

ಬೇಬಿ ಕಾಂಬಳೆಯವರಾದರೋ ಗಂಡನೊಡನೆ ಸಣ್ಣ ಅಂಗಡಿಯೊಂದನ್ನು ನಡೆಸುತ್ತ, ಸಾಮಾನು ಕಟ್ಟಲು ತಂದ ಹಳೆಯ ಪತ್ರಿಕೆಗಳ ಹಾಳೆಗಳನ್ನು ಓದುತ್ತ, ತಮ್ಮ ಬರವಣಿಗೆಯನ್ನು ಗಂಡನಿಗೂ ಮಗನಿಗೂ ಕಾಣದಂತೆ ವರ್ಷಾನುವರ್ಷ ಬಚ್ಚಿಟ್ಟರು. ಫಲಟಣದಲ್ಲಿ ನೆಲೆಸಿದ್ದ ವಿದುಷಿ ಮ್ಯಾಕ್ಸಿನ್ ಬರ್ನ್ಟ್‌ಸನ್ ಅವರ ಪ್ರೋತ್ಸಾಹದಿಂದ ಅದು 1982ರಲ್ಲಿ ‘ಸ್ತ್ರೀ’ ಮಾಸಿಕದಲ್ಲಿ ಧಾರಾವಾಹಿಯಾಗಿ, 1986ರಲ್ಲಿ ಪುಸ್ತಕವಾಗಿ ಹೊರಬಂದಿತು. ಕೇರಿಯ ಎಲ್ಲ ಹೆಂಗಸರ ಸಂಕಟವನ್ನೂ ಬರೆದ ನೀವು ನಿಮ್ಮ ಸಂಸಾರದ ಮಾತನ್ನು ಏಕೆ ಬರೆಯಲಿಲ್ಲವೆಂದು ಅನುವಾದಕಿ ಮಾಯಾ ಪಂಡಿತ್ ಸಂದರ್ಶನದಲ್ಲಿ ಕೇಳಿದಾಗ, ಅದು ಎಲ್ಲ ಹೆಂಗಸರ ಪಾಡಾಗಿತ್ತೆಂದು ಹೇಳಿ, ಆಕೆ ಒಂದು ಘಟನೆಯನ್ನು ತಿಳಿಸಿದರು. ದಂಪತಿಗಳಿಬ್ಬರೂ ಒಮ್ಮೆ ಸಭೆಯೊಂದಕ್ಕೆಂದು ಮುಂಬಯಿಗೆ ಹೊರಟಿದ್ದರು. ರೈಲಿನ ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಾರೋ ಹುಡುಗರು ಆಕೆಯ ಕಡೆಗೆ ನೋಡಿದರೆಂಬ ಒಂದೇ ಕಾರಣಕ್ಕೆ ಗಂಡನು ಸಂಶಯಪಟ್ಟು ಮೂಗಿನಿಂದ ರಕ್ತ ಸುರಿಯುವಂತೆ ಹೊಡೆದನು. ಅಂದು ಸಂಜೆಯೇ ಹಿಂದಿರುಗುವಾಗಲೂ ಗಾಡಿಯಲ್ಲಿ ಹೊಡೆಯುತ್ತಲೇ ಬಂದನು. ಇದನ್ನು ಹೇಳಿದ ಬಾಯಿಯಲ್ಲಿಯೇ ಆಕೆ ಗಂಡನನ್ನು ಸಂಪೂರ್ಣವಾಗಿ ಕೆಟ್ಟವನೆಂದು ಕರೆಯಲು ಒಪ್ಪಲಿಲ್ಲ. ಚಳವಳಿಯನ್ನೂ ಬಿಡಲಿಲ್ಲ, ಫಲಟಣದ ಹತ್ತಿರ ನಿಂಬುರೆ ಎಂಬಲ್ಲಿ ಹಿಂದುಳಿದ ವರ್ಗಗಳ ಮಕ್ಕಳಿಗಾಗಿ ವಸತಿಶಾಲೆಯೊಂದನ್ನು ಕಟ್ಟಿ, 2012ರಲ್ಲಿ ತೀರಿಕೊಂಡರು.